ಪಾಪಮ್ಮನ ಕಲ್ಲುಬಾನಿ

ನಂಜನಗೂಡು
ಜೂನ್ 14, 1998

ಪವಿ,

ಸಿಕ್ಕಿತು ಕಣೇ, ನೀನು ನಾಲ್ಕು ವರ್ಷದಿಂದ ಹುಡುಕುತ್ತಿರುವ ಬಾಳೆ ಸಿಕ್ಕಿತು, ಅದೂ ನನ್ನ ಅತ್ತೆಯ ಹಿತ್ತಿಲಲ್ಲಿ! ನಲವತ್ತೊಂದು ಬುಡ, ಅಪ್ಪಟ ರಸಬಾಳೆ, ಒಂದಕ್ಕೂ ಸೊರಗು ರೋಗವಿಲ್ಲ. ಒಂದೊಂದನ್ನೂ ಮುಟ್ಟಿ ನೋಡಿದೆ. ಕೆಳಗಿನ ಎಲೆ ಹಳದಿಯಾಗಿಲ್ಲ, ಬುಡ ಸೀಳಿಲ್ಲ, ನಮ್ಮ ಬಾಟನಿ ಮೇಡಂ ಹೇಳಿಕೊಟ್ಟಿದ್ದ ಯಾವ ಲಕ್ಷಣವೂ ಇಲ್ಲ. ಕಿರುಚಿಬಿಟ್ಟೆ. ಹಾವು ಬಂತೆಂದು ನಾಗೇಂದ್ರ ದೊಣ್ಣೆ ಹಿಡಿದು ಓಡಿ ಬಂದರು. "ಹಾವಲ್ಲ, ಪವಿತ್ರಾಳ ಪಿಎಚ್‌.ಡಿ." ಎಂದೆ.

ಮದುವೆಯಾಗಿ ಇಪ್ಪತ್ತು ದಿನ. ಎಷ್ಟು ಖುಷಿಯಾಗಿದ್ದೇನೆಂದರೆ ನನಗೇ ನಾಚಿಕೆ. ನಾಗೇಂದ್ರ ನಂಜನಗೂಡಿನ ಕಾರ್ಖಾನೆಯಿಂದ ಸಂಜೆ ಸೈಕಲ್ಲಿನಲ್ಲಿ ಬರುವಾಗ ಜೇಬಿನಲ್ಲಿ ಏನಾದರೊಂದು ಇರುತ್ತದೆ. ನಿನ್ನೆ ಒಂದು ಹೇರ್‌ಕ್ಲಿಪ್, ಹಸಿರು, ಭಯಂಕರವಾಗಿದೆ. ಅದನ್ನೇ ಹಾಕಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಕಾನ್ವೆಂಟ್ ಹುಡುಗಿ ಇನ್ನು ಕನ್ನಡದಲ್ಲೇ ಬರೆಯಬೇಕೆಂಬ ನಿನ್ನ ಷರತ್ತು ನೆನಪಿದೆ. ತಪ್ಪು ಎಣಿಸಬೇಡ.

ಅತ್ತೆಯ ಹೆಸರು ಪಾಪಮ್ಮ. ಮಾತು ಕಡಿಮೆ. ಹಿತ್ತಿಲಿಗೆ ಹೋಗಬೇಕಾದರೆ ಒಂದು ಶಾಸ್ತ್ರವಿದೆ. ಬೇಲಿಯ ಬಾಯಲ್ಲಿ ಹಳೆಯದೊಂದು ಕಲ್ಲುಬಾನಿ, ಅದರ ತುಂಬ ಬೂದಿ ಕದಡಿದ ನೀರು. ಅದರಲ್ಲಿ ಕಾಲು ಅದ್ದಿ, ತೆಂಗಿನ ನಾರಿನಿಂದ ಉಜ್ಜಿಕೊಂಡು ಒಳಗೆ ಹೋಗಬೇಕು. ಹಿತ್ತಿಲಿನ ಗುದ್ದಲಿ ಬೇಲಿ ದಾಟುವಂತಿಲ್ಲ, ಹೊರಗಿನದು ಒಳಗೆ ಬರುವಂತಿಲ್ಲ. "ಯಾಕತ್ತೆ?" ಎಂದರೆ "ಅಂಗೇ ಕಣವ್ವ" ಎನ್ನುತ್ತಾರೆ. ಅಷ್ಟೇ ಉತ್ತರ.

ನರಸೀಪುರದಲ್ಲಿ ನಿಮ್ಮಪ್ಪನ ಮೂರು ಎಕರೆ ಒಂದೇ ವರ್ಷದಲ್ಲಿ ಒಣಗಿದ ಕಥೆಯನ್ನು ಹಾಸ್ಟೆಲಿನಲ್ಲಿ ಎಷ್ಟು ಸಲ ಹೇಳಿದ್ದೀಯೆ! ಈಗ ಬಾ. ನೀನು ಮದುವೆಗೆ ಬಂದು ಊಟ ಮಾಡದೆ ಹೋದೆ, ಬಸ್ಸು ಎಂದೆ. ಅದನ್ನು ಕೇಳುವುದಿಲ್ಲ ಬಿಡು. ಈ ಸಲ ಹಣ್ಣನ್ನಾದರೂ ತಿನ್ನು.

ಕುಣಿಯುತ್ತಿರುವ
ದಿವ್ಯ


ಬೆಂಗಳೂರು
ಜುಲೈ 3, 1998

ದಿವ್ಯ,

ನಿನ್ನ ಪತ್ರವನ್ನು ಗೈಡ್‌ಗೆ ತೋರಿಸಿದೆ. ಕುರ್ಚಿಯಿಂದ ಎದ್ದರು. ನಾಲ್ಕು ವರ್ಷದಲ್ಲಿ ನನ್ನ ಯಾವ ಕಾಗದಕ್ಕೂ ಅವರು ಎದ್ದಿದ್ದಿಲ್ಲ.

ಅವರ ಕಾತರಕ್ಕೆ ಕಾರಣವಿದೆ. ನಮ್ಮ ಯೋಜನೆ ಮಾರ್ಚಿಗೆ ಮುಗಿಯುತ್ತದೆ. ರೋಗ ತಡೆಯುವ ತಳಿ ಇದೆ ಎಂದು ತೋರಿಸಿದರೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಅವರು ಬೇರೆ ಬೆಳೆ ನೋಡಿಕೊಳ್ಳುತ್ತಾರೆ, ನಾನು ಬೇರೆ ಕೆಲಸ. ನಾಲ್ಕು ವರ್ಷದಲ್ಲಿ ನಾನು ಕಂಡದ್ದು ಸತ್ತ ಬಾಳೆ ಮಾತ್ರ. ಬೆಳಿಗ್ಗೆ ಗೆಡ್ಡೆ ಕತ್ತರಿಸುತ್ತೇನೆ, ಒಳಗೆ ಕೆಂಪು ಚುಕ್ಕೆ. ಮಧ್ಯಾಹ್ನ ಇನ್ನೊಂದು, ಮತ್ತೆ ಕೆಂಪು ಚುಕ್ಕೆ. ಆದ್ದರಿಂದ ನಿನ್ನಷ್ಟು ಬೇಗ ಕುಣಿಯಲಾರೆ.

ಇಷ್ಟು ವಿಚಾರಿಸಿ ಬರೆ. ಹತ್ತಿರದಲ್ಲಿ ರೋಗ ಬಂದ ತೋಟ ಇದೆಯೆ? ಎಷ್ಟು ದೂರ? ನೀರು ಎಲ್ಲಿಂದ? ಕಂದು, ಅಂದರೆ ನೆಟ್ಟ ಬುಡದ ಮರಿ, ಯಾರಿಂದ ತಂದದ್ದು? ನಾವು ಆಗಸ್ಟಿನಲ್ಲಿ ಬರಬಹುದು. ನಿನ್ನ ಅತ್ತೆಯವರು ಒಪ್ಪಬೇಕು.

ಮದುವೆಯ ದಿನ ಬಸ್ಸು ಇತ್ತು. ಅಪ್ಪ ಜೊತೆಗಿದ್ದರು.

ಪವಿತ್ರಾ


ನಂಜನಗೂಡು
ಜುಲೈ 22, 1998

ನನ್ನ ಗಂಭೀರ ವಿಜ್ಞಾನಿ ಪವಿ,

ಉತ್ತರಗಳು ಇಲ್ಲಿವೆ. ಮಾರ್ಕ್ಸ್ ಹಾಕಿ ಕಳಿಸು.

ರೋಗ ಬಂದ ತೋಟ ಇದೆ. ಓಣಿಯ ಆಚೆ, ಇಪ್ಪತ್ತು ಹೆಜ್ಜೆ. ಚಿಕ್ಕಸ್ವಾಮಿಯವರದು, ಮೇಲಿನ ಬೀದಿಯ ಗೌಡರು. ಅವರ ತಂದೆಯ ಕಾಲದಲ್ಲಿ ಎರಡು ಎಕರೆ ಪೂರ್ತಿ ಹೋಯಿತಂತೆ. ಈಗ ಕಬ್ಬು. ಓಣಿ ದಾಟಿ ಅವರ ಮನೆಯವರು ಯಾರೂ ಈವರೆಗೆ ನಮ್ಮ ಹಿತ್ತಿಲಿಗೆ ಕಾಲಿಟ್ಟಿಲ್ಲ. ಕಾರಣ ನಿನಗೆ ಗೊತ್ತು, ನಾನೇಕೆ ಬರೆಯಲಿ. ನಮ್ಮ ಬಾಳೆಗೆ ನೀರು ಬಚ್ಚಲಿನದು, ಪಾತ್ರೆ ತೊಳೆದದ್ದು. ಕಂದು ಅತ್ತೆಯ ಅತ್ತೆಯ ಕಾಲದ್ದು. ಹೊರಗಿನಿಂದ ಕೊಟ್ಟವರೂ ಇಲ್ಲ, ಕೇಳಿದವರೂ ಇಲ್ಲ.

ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಯಿತು. ಅವರು ಸೊಪ್ಪು ಸೋಸುತ್ತಿದ್ದರು.

"ಬೆಂಗ್ಳೂರಿಂದ ಬಂದು ನಮ್ ಇತ್ತಿಲಲ್ಲಿ ಏನ್ ನೋಡ್ತರೆ?"

"ಬಾಳೆ ಯಾಕೆ ಸಾಯಲಿಲ್ಲ ಅಂತ ನೋಡ್ತಾರೆ ಅತ್ತೆ."

"ಅದ ಕೇಳುಕ್ಕೆ ಜೀಪ್ ಬೇಕಾ? ನನ್ನ ಕೇಳಿದ್ರಾಯ್ತು."

"ಹೇಳಿ ಮತ್ತೆ."

ಅತ್ತೆ ಸೊಪ್ಪಿನ ಕಡ್ಡಿ ಮುರಿಯುತ್ತಲೇ ಇದ್ದರು. "ಏಳಿದ್ದೆ, ಒಂದ್ ಸತಿ. ಸಾಕಾಯ್ತು" ಎಂದು ಒಳಗೆ ಹೋದರು.

ನಾಗೇಂದ್ರ ಹೇಳಿದ ಮೇಲೆ ಒಪ್ಪಿದ್ದಾರೆ. ಎರಡು ಕಟ್ಟಳೆ: ಬಂದವರೆಲ್ಲ ಬಾನಿಯಲ್ಲಿ ಕಾಲು ತೊಳೆಯಬೇಕು, ಮತ್ತು ಅಗೆಯುವುದು ನಮ್ಮ ಗುದ್ದಲಿಯಿಂದಲೇ. ನಾನು ಹೂಂ ಎಂದಿದ್ದೇನೆ. ನೀನು ಬರುವ ದಿನಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ನಾನೇ ಮಾಡುತ್ತೇನೆ, ಆದ್ದರಿಂದ ಆಸೆ ಇಟ್ಟುಕೊಳ್ಳಬೇಡ.

ನಿನ್ನ ದಿವ್ಯ


ನಂಜನಗೂಡು
ಆಗಸ್ಟ್ 16, 1998

ಪವಿ,

ನೀನೇಕೆ ಬರಲಿಲ್ಲ? ಜೀಪಿನಲ್ಲಿ ಸೀಟಿರಲಿಲ್ಲವಂತೆ! ಫೋಟೋ ತೆಗೆಯುವವರಿಗೆ ಇತ್ತು, ಯಾರೋ ದೊಡ್ಡ ಅಧಿಕಾರಿಗೆ ಇತ್ತು, ಆ ಅಧಿಕಾರಿಯ ಭಾವಮೈದನಿಗೂ ಇತ್ತು. ಬಾಳೆಯ ಮೇಲೆ ನಾಲ್ಕು ವರ್ಷ ಕೆಲಸ ಮಾಡಿದವಳಿಗೆ ಇಲ್ಲ. ನಿನ್ನ ಗೈಡ್‌ಗೆ ನಾನು ಕೊಟ್ಟ ಕಾಫಿಯಲ್ಲಿ ಸಕ್ಕರೆ ಕಡಿಮೆ ಹಾಕಿ ಸೇಡು ತೀರಿಸಿಕೊಂಡೆ.

ಆದರೂ ಎಂಥ ದಿನ ಕಣೇ ಅದು! ಮೊನ್ನೆ ಶುಕ್ರವಾರ ನಮ್ಮ ಬೀದಿಗೆ ಜೀಪು ಬಂತು. ಅದರ ಹಿಂದೆ ಯಾರು ಬಂದರು ಹೇಳು? ಚಿಕ್ಕಸ್ವಾಮಿಯವರು! ಓಣಿಯ ಆಚೆ ಬದಿಯಲ್ಲಿ ಒಂದು ಗಳಿಗೆ ನಿಂತರು, ಪಂಚೆ ಎತ್ತಿ ಕಟ್ಟಿದರು, ಬಂದೇಬಿಟ್ಟರು. "ಏನ್ ಪಾಪಮ್ಮ, ನಿನ್ ಬಾಳೆ ಬೆಂಗ್ಳೂರ್ಗಂಟ ಎಸರು ಮಾಡದಲ್ಲ" ಎಂದರು. ನಾನು ಚೊಂಬಿನಲ್ಲಿ ನೀರು ಕೊಟ್ಟೆ. ಅವರು ಕುಡಿದರು ಪವಿ. ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದರು. ನಾಗೇಂದ್ರ ಗೋಡೆಯ ಕಡೆ ತಿರುಗಿ ನಿಂತರು.

ಈಗ ಒಂದು ತಪ್ಪೊಪ್ಪಿಗೆ. ಅವರು ಬರುವ ಮೊದಲೇ ಬಾನಿಯ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ, ಮೇಲೆ ಚಾಪೆ ಹೊದಿಸಿದ್ದೆ. ಅತ್ತೆ ನೀರಿಗೆ ಹೋಗಿದ್ದರು. ಏನು ಮಾಡಲಿ? ಮೊದಲ ಸಲ ನಮ್ಮ ಅಂಗಳಕ್ಕೆ ಬರುವವರಿಗೆ, ಕಾಲು ತೊಳೆದು ಬನ್ನಿ ಎಂದು ನಾನು ಹೇಗೆ ಹೇಳಲಿ? ನಮಗೆ ಅವರು ತಲೆತಲಾಂತರದಿಂದ ಹೇಳಿದ್ದನ್ನೇ ನಾವು ಅವರಿಗೆ ಹೇಳಿದ ಹಾಗಲ್ಲವೆ? ನನಗೆ ಆ ಬಾನಿಯೇ ನಾಚಿಕೆ ತರುತ್ತಿತ್ತು. ಅತ್ತೆ ಬರುವ ಹೊತ್ತಿಗೆ ಎಲ್ಲರೂ ಒಳಗಿದ್ದರು. ಚಿಕ್ಕಸ್ವಾಮಿಯವರು ತಮ್ಮ ಗುದ್ದಲಿ ತರಿಸಿ, "ತತ್ತಾ, ನಾನೇ ಅಗೀತೀನಿ" ಎಂದು ಬಡಗಣ ಮೂಲೆಯಲ್ಲಿ ತಾವೇ ಆರು ಕಂದು ಕಿತ್ತುಕೊಟ್ಟರು. ಫೋಟೋ ಕೂಡ ಆಯಿತು. ಅತ್ತೆ ಬೇಲಿಯ ಬಳಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಸಂತೋಷಕ್ಕೆ ಮಾತು ಹೊರಡಲಿಲ್ಲ ಅಂದುಕೊಂಡೆ.

ನಿನ್ನ ಪಾಲಿನ ರೊಟ್ಟಿಯನ್ನು ಭಾವಮೈದ ತಿಂದ.

ದಿವ್ಯ


ಬೆಂಗಳೂರು
ಆಗಸ್ಟ್ 25, 1998

ದಿವ್ಯ,

ಯಾರ ಗುದ್ದಲಿ ಎಂದೆ? ಅದೇ ಓಣಿಯಾಚೆಯ ತೋಟದ್ದೆ? ಆಗ ಅದಕ್ಕೆ ಮಣ್ಣು ಮೆತ್ತಿತ್ತೆ?

ಕಂದು ಕಿತ್ತ ಗುಂಡಿಗಳ ಸುತ್ತ ಯಾರೂ ತುಳಿಯದಂತೆ ನೋಡಿಕೊ. ಅಲ್ಲಿಂದ ಬಚ್ಚಲ ನೀರು ಬೇರೆ ಸಾಲಿಗೆ ಹರಿಯದಿರಲಿ. ಸೊರಗಿನ ಶಿಲೀಂಧ್ರ ಕಣ್ಣಿಗೆ ಕಾಣುವುದಿಲ್ಲ. ಬಾಳೆ ಇಲ್ಲದಿದ್ದರೂ ಮಣ್ಣಿನಲ್ಲಿ ಮೂವತ್ತು ವರ್ಷ ಕಾದಿರುತ್ತದೆ.

ಏನೂ ಆಗದಿರಬಹುದು. ನಿನ್ನ ಅತ್ತೆಗೆ ಈಗಲೇ ಹೇಳಬೇಡ.

ಪವಿತ್ರಾ


ಬೆಂಗಳೂರು
ಡಿಸೆಂಬರ್ 9, 1998

ದಿವ್ಯ,

ನಿನ್ನ ಮೂರು ಪತ್ರಗಳಿಗೆ ಉತ್ತರ ಬರೆಯಲಿಲ್ಲ. ಬರೆಯಲು ಒಳ್ಳೆಯದೇನೂ ಇರಲಿಲ್ಲ.

ನಿಮ್ಮ ಹಿತ್ತಿಲಿನ ಆರು ಕಂದುಗಳನ್ನು ತೊಳೆದು, ರೋಗದ ಮಣ್ಣು ತುಂಬಿದ ಕುಂಡಗಳಲ್ಲಿ ನೆಟ್ಟಿದ್ದೆ. ನಾಲ್ಕು ಸೊರಗಿದವು, ಎಲ್ಲ ರಸಬಾಳೆಯೂ ಸೊರಗುವ ಹಾಗೆಯೇ. ಅಂದರೆ ನಿಮ್ಮ ಬಾಳೆಯಲ್ಲಿ ವಿಶೇಷವೇನೂ ಇಲ್ಲ. ರೋಗ ಅದರ ಹತ್ತಿರ ಬಂದಿರಲಿಲ್ಲ, ಅಷ್ಟೆ. ಗೈಡ್‌ಗೆ ಹೇಳಿದೆ. "ನೀನು ಕುಂಡಕ್ಕೆ ಹಾಕಿದ ರೋಗದ ಪ್ರಮಾಣವೇ ಹೆಚ್ಚಾಗಿದೆ. ಉಳಿದ ಎರಡರ ಬಗ್ಗೆ ಬರಿ" ಎಂದರು.

ಬರೆದೆ. ಜೊತೆಗೆ ಒಂದು ಪ್ಯಾರಾ ಸೇರಿಸಿದೆ: ಎರಡು ತೋಟಗಳ ನಡುವೆ ಇಪ್ಪತ್ತು ಹೆಜ್ಜೆ, ಆದರೆ ಆಳು, ಗುದ್ದಲಿ, ಕಂದು, ನೀರು ಯಾವುದೂ ದಾಟಿರಲಿಲ್ಲ, ಕಾರಣ ಜಾತಿ. ಅವರು ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. ಸಿಟ್ಟಿನಿಂದಲ್ಲ. ಕನ್ನಡಕ ಒರೆಸಿಕೊಂಡು, ತುಂಬ ಸಮಾಧಾನದಿಂದ ಹೇಳಿದರು: "ಪವಿತ್ರಾ, ಇದು ಸಮಾಜಶಾಸ್ತ್ರ. ನಮ್ಮ ಅರ್ಜಿಯಲ್ಲಿ ಜೀನ್ ಕೇಳುವ ಕಾಲಂ ಇದೆ. ಓಣಿ ಕೇಳುವ ಕಾಲಂ ಇಲ್ಲ."

ಯೋಜನೆ ಮೂರು ವರ್ಷ ಮುಂದುವರಿಯುವ ಹಾಗಿದೆ. ಇಲ್ಲದ ಗುಣವನ್ನು ಆ ಬಾಳೆಯಲ್ಲಿ ನಾನು ಇನ್ನೂ ಮೂರು ವರ್ಷ ಹುಡುಕಬೇಕು. ನಿಮ್ಮ ಅತ್ತೆಯ ಹೆಸರು ಬರೆದಿದ್ದೆ, ಅದು 'ಸ್ಥಳೀಯ ರೈತರೊಬ್ಬರು' ಎಂದಾಗಿದೆ. ನಾನು ಸಹಿ ಮಾಡಿದೆ. ಜಗಳಕ್ಕೂ ಶಕ್ತಿ ಬೇಕು ದಿವ್ಯ.

ಎಲೆಗಳನ್ನು ನೋಡುತ್ತಿರು.

ಪವಿತ್ರಾ


ನಂಜನಗೂಡು
ಫೆಬ್ರವರಿ 28, 1999

ಪವಿ,

ಬಂತು.

ಬಡಗಣ ಮೂಲೆಯಲ್ಲಿ, ಆ ಗುಂಡಿಗಳ ಪಕ್ಕದ ಬುಡದಿಂದ ಶುರು. ಕೆಳಗಿನ ಎಲೆಯ ಅಂಚು ಹಳದಿಯಾಯಿತು, ಆಮೇಲೆ ಎಲೆಗಳೆಲ್ಲ ಮಡಿದು ಕಾಂಡದ ಸುತ್ತ ಜೋತುಬಿದ್ದವು. ಬೇಸಿಗೆಯ ಬಿಸಿಲು ಎಂದು ಹದಿನೈದು ದಿನ ನನಗೆ ನಾನೇ ಹೇಳಿಕೊಂಡೆ. ಹೋದ ವಾರ ಅತ್ತೆ ಒಂದು ಗೆಡ್ಡೆ ಸೀಳಿ ನನ್ನ ಮುಂದೆ ಇಟ್ಟರು. ಕೆಂಪು ಚುಕ್ಕೆ. ಈಗ ಹನ್ನೊಂದು ಬುಡ ಹೋಗಿವೆ.

ಬಾನಿ ಬೋರಲು ಹಾಕಿದ್ದನ್ನು ನಾನೇ ಬಾಯಿಬಿಟ್ಟೆ. ನಾಗೇಂದ್ರ ನಾಲ್ಕು ದಿನ ಮಾತಾಡಲಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯ ಮೇಲೆ ಕೂರಿಸಿಕೊಂಡು, ಎಂದೂ ಹೇಳದ್ದನ್ನು ಹೇಳಿದರು. ಅವರ ಮಾತಿನಲ್ಲೇ ಬರೆಯುತ್ತೇನೆ.

"ನಾನು ಚಿಕ್ಕಸ್ವಾಮಿ ಅಪ್ಪನ ತ್ವಾಟದಲ್ಲಿ ಕೂಲಿಗೋಯ್ತಿದ್ದೆ ಕಣವ್ವ. ರೋಗ ಬಂದಾಗ ನೋಡ್ತಾ ಇದ್ದೆ. ಗಾಳೀಲಿ ಬಂದಿದ್ರೆ ಅಲ್ಲೊಂದು ಇಲ್ಲೊಂದು ಸಾಯ್ಬೇಕಲ್ವ? ಅಂಗಾಗ್ನಿಲ್ಲ. ನಾವು ಯಾವ ಸಾಲಲ್ಲಿ ಅಗೆದ್ಕಂಡ್ ಓದ್ವೋ ಅದೇ ಸಾಲು ಸಾಯ್ತು. ಸೋಮವಾರದ ಸಾಲು ಮೊದ್ಲು, ಮಂಗಳವಾರದ್ದು ಆಮೇಲೆ. ಓ, ಇದು ಕಾಲಲ್ಲಿ, ಗುದ್ಲೀಲಿ ಬತ್ತದೆ ಅಂದ್ಕಂಡೆ. ಮನೆಗ್ ಬಂದವ್ಳೆ ಬಾನಿ ತಂದು ಬೇಲೀಲಿ ಮಡಗ್ದೆ."

"ಅವರಿಗೆ ಹೇಳಲಿಲ್ಲವಾ ಅತ್ತೆ?"

"ಏಳ್ದೆ. ಅಯ್ಯಾ, ನಮ್ ಕಾಲಲ್ಲೇ ಬತ್ತಾ ಅದೆ, ಆಳುಗಳಿಗೆ ಕಾಲ್ ತೊಳ್ಸಿ ಅಂದೆ. ಆವಯ್ಯ ಏನ್ ಅರ್ಥ ಮಾಡ್ಕಂಡ ಗೊತ್ತಾ? ಈ ಜನದ ಕಾಲ್‌ಗುಣದಿಂದ್ಲೇ ತ್ವಾಟ ಆಳಾಯ್ತು, ಅವರ ಬಾಯಲ್ಲೇ ಬಂತಲ್ಲ ಅಂದ. ನಮ್ ಬೀದೀರ್ನೆಲ್ಲ ಕೆಲ್ಸದಿಂದ ಬುಡ್ಸುದ. ಎರಡೊರ್ಸ ಯಾರೂ ಕರೀನಿಲ್ಲ. ಬೀದಿ ಎಂಗಸ್ರು ನಂಗೆ ಮಕ ಕೊಡ್ನಿಲ್ಲ, ನಿನ್ ಬಾಯಿಂದ ಕೂಲಿ ಓಯ್ತು ಅಂತ. ಅವತ್ತಿಂದ ಬಾಯ್ ಬುಡ್ನಿಲ್ಲ."

ಪವಿ, ನಾನು ಆ ಬಾನಿಯನ್ನು ಮಡಿ ಮೈಲಿಗೆ ಎಂದುಕೊಂಡೆ. ನೀನು ಓಣಿ ಎಂದೆ, ಜಾತಿ ಎಂದೆ. ನಿನ್ನ ಗೈಡ್ ಜೀನ್ ಎಂದರು. ಎಸ್ಸೆಸ್ಸೆಲ್ಸಿ ಇರಲಿ, ಶಾಲೆಯ ಬಾಗಿಲನ್ನೇ ನೋಡದ ಹೆಂಗಸು ಇಪ್ಪತ್ತು ವರ್ಷದ ಹಿಂದೆ ಕೂಲಿ ಮಾಡುತ್ತಾ ಕಂಡುಹಿಡಿದು ಮುಗಿಸಿದ್ದರು. ನಾವು ಬಿ.ಎಸ್ಸಿ. ಓದಿದವರು ಅದರ ಮೇಲೆ ಚಾಪೆ ಹೊದಿಸಿದೆವು.

ಕೊನೆಗೆ ಹೇಳಿದೆ: "ಅವರು ಬಂದದ್ದೇ ದೊಡ್ಡದು ಅನ್ನಿಸಿತು ಅತ್ತೆ. ಕಾಲು ತೊಳೀರಿ ಅಂದರೆ ಹೊರಟುಹೋಗುತ್ತಾರೆ ಅಂತ ಹೆದರಿದೆ."

"ಬರಬ್ಯಾಡಿ ಅಂತ ನಾನ್ಯಾವತ್ತಂದೆ? ಬರ್ಲಿ. ನೀರ್ ಕುಡೀಲಿ. ನಂಗೂ ಆಸೆ ಇರ್ನಿಲ್ವಾ? ಕಾಲ್ ತೊಳ್ಕಂಡು ಬಂದಿದ್ರೆ ಆಗಿತ್ತು ಕಣವ್ವ."

ತೆಂಕಣ ಮೂಲೆಯಲ್ಲಿ ಇನ್ನೂ ಹಸಿರಿದೆ. ಎಷ್ಟು ದಿನವೋ. ಏನಾದರೂ ಮಾಡು.

ದಿವ್ಯ


ಬೆಂಗಳೂರು
ಮಾರ್ಚ್ 17, 1999

ದಿವ್ಯ,

ನಿನ್ನ ಪತ್ರವನ್ನು ನರಸೀಪುರಕ್ಕೆ ತೆಗೆದುಕೊಂಡು ಹೋಗಿ ಅಪ್ಪನಿಗೆ ಓದಿದೆ. ಅಪ್ಪ ಇನ್ನೊಮ್ಮೆ ಓದಿಸಿದರು. ಆಮೇಲೆ, "ನಮ್ಮ ತೋಟದಲ್ಲೂ ಸಿದ್ದಲಿಂಗಮ್ಮ ಅಂತ ಒಬ್ಬಳು ಆಳು ಹೀಗೇ ಏನೋ ಹೇಳಿದ್ದಳು. ಏನೆಂದು ನಾನು ಕೇಳಿಸಿಕೊಳ್ಳಲಿಲ್ಲ" ಎಂದರು. ಆ ಮೂರು ಎಕರೆಯ ಬಗ್ಗೆ ಹತ್ತು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು.

ತೆಂಕಣ ಮೂಲೆಯಿಂದ, ರೋಗದ ಬುಡಗಳಿಂದ ಅತಿ ದೂರದ ಮೂರು ಕಂದು ಬೇಕು. ಬೇರು ಸವರಿ, ತೊಳೆದು, ಒಗೆದ ಗೋಣಿಯಲ್ಲಿ ಸುತ್ತು. ತುದಿಯ ಮೊಗ್ಗು ತೆಗೆದು ಬಾಟಲಿಯಲ್ಲಿ ಬೆಳೆಸುತ್ತೇನೆ. ಆಮೇಲೆ ಹಾಸ್ಟೆಲಿನ ತಾರಸಿಯಲ್ಲಿ, ಆವಿಯಲ್ಲಿ ಬೇಯಿಸಿದ ಮಣ್ಣಿನ ಡ್ರಮ್ಮುಗಳಲ್ಲಿ ನೆಡಬಹುದು. ಬದುಕುತ್ತವೆ ಎಂದು ಮಾತು ಕೊಡಲಾರೆ. ಅತ್ತೆ ಕೊಡದಿದ್ದರೆ ಅದೂ ಸರಿಯೇ.

ಏಪ್ರಿಲ್ 23ರಂದು ಯೋಜನೆ ಮುಂದುವರಿಸುವ ಬಗ್ಗೆ ಪರಿಶೀಲನಾ ಸಭೆ. ನಾನೇ ಮಂಡಿಸಬೇಕು. ಆರರಲ್ಲಿ ನಾಲ್ಕು ಸೊರಗಿದವು, ಉಳಿದ ಎರಡೂ ಕಳೆದ ವಾರ ಸೊರಗಿದವು. ಅದನ್ನೇ ಹೇಳುತ್ತೇನೆ. ಬಾನಿಯ ವಿಷಯವನ್ನೂ. ಆಮೇಲೆ ನನಗೆ ಗೈಡ್ ಇರುವುದಿಲ್ಲ ಅಂದುಕೊಂಡಿದ್ದೇನೆ. ವಿಚಿತ್ರವೆಂದರೆ, ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಪವಿತ್ರಾ


ನಂಜನಗೂಡು
ಏಪ್ರಿಲ್ 11, 1999

ಪವಿ,

ತೆಂಕಣ ಮೂಲೆಯಲ್ಲಿ ಉಳಿದಿರುವುದು ಐದು ಬುಡ. ಸತ್ತವನ್ನೆಲ್ಲ ಅತ್ತೆ ಅಲ್ಲೇ ಗುಂಡಿ ತೋಡಿ ಸುಟ್ಟರು. ಚಿಕ್ಕಸ್ವಾಮಿಯವರು ಓಣಿಯಾಚೆ ನಿಂತು ನೋಡಿದರು. ಆಮೇಲೆ ಬೇಲಿಯವರೆಗೆ ಬಂದು, ಬಾನಿಯ ನೀರಿನಲ್ಲಿ ತಾವಾಗಿಯೇ ಕಾಲು ಅದ್ದಿ, ಒಳಗೆ ಬರದೆ ಅಲ್ಲೇ ನಿಂತರು. "ತಪ್ಪಾಯ್ತು ಪಾಪಮ್ಮ" ಎಂದರು. "ನಿಮ್ದೊಬ್ರುದೇ ಅಲ್ಲ ಬುಡಿ" ಎಂದರು ಅತ್ತೆ. ನಾನು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡೆ. ಹೊರಗೆ ಹೋಗುವ ಮುಖ ನನಗಿರಲಿಲ್ಲ.

ಮೂರು ಕಂದು ಕೊಡುತ್ತಾರೆ. ಬೇಯಿಸಿದ ಮಣ್ಣಿನ ವಿಷಯ ಹೇಳಿದೆ. "ಮಣ್ಣೂ ಬೇಯಿಸ್ತರಾ? ಉಪ್ಪೂ ಆಕ್ತರಾ?" ಎಂದು ನಕ್ಕರು. ಆ ನಗುವನ್ನು ಕೇಳಿ ಎರಡು ತಿಂಗಳಾಗಿತ್ತು ಕಣೇ, ನಾನು ಅತ್ತುಬಿಟ್ಟೆ. ನಾಗೇಂದ್ರ ಜೇಬಿನಿಂದ ಒಂದು ಹಳದಿ ಹೇರ್‌ಕ್ಲಿಪ್ ತೆಗೆದು ಕೊಟ್ಟರು. ಹಸಿರಿನದಕ್ಕಿಂತ ಭಯಂಕರ. ಹಾಕಿಕೊಂಡಿದ್ದೇನೆ.

ಆದರೆ ಅತ್ತೆಯದು ಒಂದು ಕಟ್ಟಳೆ. ಕಂದನ್ನು ಪಾರ್ಸಲ್ ಮಾಡುವುದಿಲ್ಲವಂತೆ, ತಾವೇ ತರುತ್ತಾರಂತೆ. ನಿನ್ನ ಸಭೆಯ ವಿಷಯ ಎರಡು ಸಲ ಕೇಳಿದರು. ಅಲ್ಲಿ ಎಷ್ಟು ಜನ ಕೂತಿರುತ್ತಾರೆ, ಯಾರು ಬೇಕಾದರೂ ಮಾತಾಡಬಹುದೇ, ಹೆಂಗಸರು ಇರುತ್ತಾರೆಯೇ. ಆಮೇಲೆ ಟ್ರಂಕಿನಿಂದ ನನ್ನ ಮದುವೆಗೆ ಉಟ್ಟಿದ್ದ ಸೀರೆ ತೆಗೆದು ಬಿಸಿಲಿಗೆ ಹಾಕಿದರು. "ಒಂದ್ ಸತಿ ಏಳಿ ಸಾಕಾಗಿತ್ತು. ಇನ್ನೊಂದ್ ಸತಿ ಏಳ್ಬುಟ್ಟು ನೋಡನ" ಎಂದರು. ಅವರನ್ನು ಒಳಗೆ ಬಿಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಡದಿದ್ದರೆ ಬಾಗಿಲಲ್ಲಿ ಕೂರುತ್ತೇವೆ. ಕೂತು ಅಭ್ಯಾಸವಿದೆ.

ನಿನ್ನ ಲ್ಯಾಬಿನ ಬಾಗಿಲಲ್ಲಿ ಒಂದು ಬಕೆಟ್ ನೀರು ಇಟ್ಟಿರು. ನಾವು ಕಾಲು ತೊಳೆದೇ ಬರುತ್ತೇವೆ, ನೀನೂ ತೊಳೆದು ನಿಂತಿರು. ಅಕ್ಕಿರೊಟ್ಟಿ ಕಟ್ಟಿಕೊಂಡು ಬರುತ್ತೇವೆ, ಈ ಸಲ ಅತ್ತೆಯೇ ತಟ್ಟಿದ್ದು. ಬಸ್ಸು ಎನ್ನಬೇಡ ಪವಿ. ನಮ್ಮೆದುರಿಗೆ ಕೂತು ಉಣ್ಣು.

ಗುರುವಾರ, ಏಪ್ರಿಲ್ 22. ನಂಜನಗೂಡಿನಿಂದ ಬೆಳಗಿನ ಗಾಡಿಗೆ ಮೈಸೂರು, ಅಲ್ಲಿಂದ ಟಿಪ್ಪು ಎಕ್ಸ್‌ಪ್ರೆಸ್.

ದಿವ್ಯ